ಬೀಡಿ ಬಿಟ್ಟವರು ಯಾರು?

ಅರಸೀಕೆರೆ ಜಂಕ್ಷನ್ನಿನ ಹೊರಗಿನ ಪೆಟ್ಟಿಗೆ ಅಂಗಡಿಯಾಗಲಿ, ಬೇಲೂರಿನ ಬಸ್ ನಿಲ್ದಾಣದ ಮಗ್ಗುಲಿನದಾಗಲಿ, ವ್ಯಾಪಾರದ ರೀತಿ ಒಂದೇ. ಟೀ ಕುಡಿದವನು ಐದೋ ಹತ್ತೋ ರೂಪಾಯಿ ಚಾಚುತ್ತಾನೆ, ಅಂಗಡಿಯವನು ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾನೆ. ಹೀಗೆ ಬಿಡಿಯಾಗಿ ಮಾರುವುದಕ್ಕೆ ನಮ್ಮ ರಾಜ್ಯದಲ್ಲಿ ನಿಷೇಧವಿದೆ. ಮಾರಾಟ ನಡೆದೇ ಇದೆ. ಪ್ಯಾಕಿನ ಎರಡೂ ಮುಖಗಳ ಶೇ. 85ರಷ್ಟು ಜಾಗದಲ್ಲಿ ರೋಗದ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಪ್ಯಾಕು ಉಳಿಯುವುದು ಅಂಗಡಿಯವನ ಬಳಿ. ಸೇದುವವನ ಕೈಗೆ ಬರುವುದು ಚಿತ್ರವಿಲ್ಲದ ಬಿಳಿ ಕಡ್ಡಿ.

ಹಾಗೆಂದು ಅವನಿಗೆ ವಿಷಯ ಗೊತ್ತಿಲ್ಲ ಎನ್ನುವಂತಿಲ್ಲ. 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಧೂಮಪಾನದಿಂದ ಗಂಭೀರ ಕಾಯಿಲೆ ಬರುತ್ತದೆ ಎಂದು ಒಪ್ಪಿದವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಸಿಗರೇಟು ಸೇದುವವರಲ್ಲಿ ಶೇ. 61.9ರಷ್ಟು ಮಂದಿ, ಬೀಡಿ ಸೇದುವವರಲ್ಲಿ ಶೇ. 53.8ರಷ್ಟು ಮಂದಿ, ಪ್ಯಾಕಿನ ಎಚ್ಚರಿಕೆಯನ್ನು ಕಂಡು ಬಿಡಬೇಕೆಂದು ಯೋಚಿಸಿದ್ದೆವು ಎಂದರು. ಯೋಚಿಸಿದರು, ಮತ್ತೆ ಸೇದಿದರು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ; ಸೇದುವವರು ಶೇ. 8.8. ಹೊಗೆಸೊಪ್ಪು, ಕಡ್ಡಿಪುಡಿ ಅಗಿಯುವವರ ಪಾಲು ಇದಕ್ಕಿಂತ ದೊಡ್ಡದು. ಇವರಲ್ಲಿ ಬಹುತೇಕರನ್ನು ಅಜ್ಞಾನಿಗಳೆಂದು ಕರೆಯುವುದು ಸುಳ್ಳಾಗುತ್ತದೆ.

ಹಾಗಾದರೆ ಗೊತ್ತಿದ್ದೂ ಮಾಡುವುದು ಎಂದರೆ ಏನು? ಈ ಪ್ರಶ್ನೆ ತಂಬಾಕಿಗಿಂತ ಬಹಳ ಹಳೆಯದು. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಸಾಕ್ರಟೀಸ್, ನಿಜವಾಗಿ ತಿಳಿದವನು ತನಗೆ ಕೆಟ್ಟದ್ದನ್ನು ಮಾಡಿಕೊಳ್ಳಲಾರ, ಮಾಡಿಕೊಂಡರೆ ಅವನ ತಿಳಿವಳಿಕೆಯಲ್ಲೇ ಕೊರತೆ ಇದೆ ಎಂದು ವಾದಿಸುತ್ತಾನೆ. ಅರಿಸ್ಟಾಟಲ್‌ಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ತಿಳಿವಳಿಕೆ ಇದ್ದೂ ನಿದ್ದೆಗಣ್ಣಿನವನಂತೆ, ಕುಡಿದವನಂತೆ ಅದು ಕೈಗೆ ಒದಗದೆ ಹೋಗಬಹುದು ಎಂದು ಅವನು ಸೂಕ್ಷ್ಮ ಮಾಡಿದ. ನಮ್ಮ ಕಡೆ, ಯಾವುದು ಸರಿಯೆಂದು ಗೊತ್ತಿದ್ದೂ ಮನಸ್ಸು ಅತ್ತ ಹರಿಯುವುದಿಲ್ಲ ಎಂಬ ಅರ್ಥದ ಮಾತು ದುರ್ಯೋಧನನ ಹೆಸರಿನಲ್ಲಿ ಓಡಾಡುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಭಾರತದ ಯುದ್ಧದ ದೃಶ್ಯಗಳಿವೆ. ಆ ಗುಡಿಯನ್ನು ಕಡೆದ ಹನ್ನೆರಡನೇ ಶತಮಾನದಲ್ಲಿ ಈ ನೆಲದಲ್ಲಿ ತಂಬಾಕಿನ ಹೆಸರೇ ಇರಲಿಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ನಾಲ್ಕು ಶತಮಾನಗಳ ನಂತರ. ಪ್ರಶ್ನೆ ಮಾತ್ರ ಆಗಲೇ ಇತ್ತು. ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ: ತನಗೆ ಇಷ್ಟವಿಲ್ಲದಿದ್ದರೂ ಯಾರೋ ಬಲವಂತವಾಗಿ ನೂಕಿದಂತೆ ಮನುಷ್ಯ ತಪ್ಪು ಮಾಡುವುದು ಯಾತರಿಂದ? ಕೃಷ್ಣನ ಉತ್ತರದಲ್ಲಿ ಎಲ್ಲರೂ ನೆನಪಿಡುವುದು ಕಾಮ, ಕ್ರೋಧ ಎಂಬ ಎರಡು ಪದಗಳನ್ನು. ಅದರ ಮುಂದಿನ ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆ ಆಸೆಗೆ ಮನೆ ಎಲ್ಲಿದೆ ಎಂದು ಕೃಷ್ಣ ಹೇಳುತ್ತಾನೆ: ಇಂದ್ರಿಯ, ಮನಸ್ಸು, ಬುದ್ಧಿ. ಶತ್ರು ಬುದ್ಧಿಯೊಳಗೂ ಮನೆ ಮಾಡಿರುವಾಗ ಬುದ್ಧಿ ಹೇಳುವುದರಿಂದಷ್ಟೇ ಆಗುವುದಿಲ್ಲ. ಆದ್ದರಿಂದ ಚಿಕಿತ್ಸೆ ಮೊದಲಾಗುವುದು ಉಪದೇಶದಿಂದಲ್ಲ, ಇಂದ್ರಿಯಗಳನ್ನು ಹಿಡಿತಕ್ಕೆ ತರುವುದರಿಂದ. ಕೆಳಗಿನ ಮನೆಯನ್ನು ಮೊದಲು ಹಿಡಿ, ಮೇಲಿನದು ಆಮೇಲೆ ಎಂಬ ಕ್ರಮ ಅದು.

ಈಗಿನ ವೈದ್ಯಶಾಸ್ತ್ರ ಈ ಕೆಳಗಿನ ಮನೆಯ ವಿಳಾಸ ಹುಡುಕುತ್ತಿದೆ. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವರದಿ ಬಂತು. ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಮಿದುಳಿಗೆ ಪೆಟ್ಟಾದ ಧೂಮಪಾನಿಗಳನ್ನು ಪರೀಕ್ಷಿಸಿದಾಗ, ಇನ್ಸುಲಾ ಎಂಬ ಒಳಭಾಗ ಹಾಳಾದವರಲ್ಲಿ ಕೆಲವರು ಸಿಗರೇಟನ್ನು ಕಷ್ಟವೇ ಇಲ್ಲದೆ ಬಿಟ್ಟಿದ್ದರು. ಅವರಲ್ಲೊಬ್ಬ, ಸೇದಬೇಕೆಂಬುದನ್ನು ತನ್ನ ದೇಹವೇ ಮರೆಯಿತು ಎಂಬರ್ಥದ ಮಾತು ಹೇಳಿದ್ದ. ಇನ್ಸುಲಾ ನಮ್ಮ ದೇಹದ ಒಳಗಿನ ಸುದ್ದಿಯನ್ನು ಮನಸ್ಸಿಗೆ ಮುಟ್ಟಿಸುವ ಜಾಗ: ಹಸಿವು, ಎದೆಬಡಿತ, ಗಂಟಲಿನ ಕೆರೆತ, ಚಟದ ತವಕ. ಅಲ್ಲಿ ಪೆಟ್ಟಾದವನಿಗೆ ಸಂಕಲ್ಪ ಬಲವಾಗಲಿಲ್ಲ. ಸಂಕಲ್ಪ ಮಾಡಬೇಕಾದ ಪ್ರಮೇಯವೇ ಹೋಯಿತು.

ಪೆಟ್ಟಿಲ್ಲದೆ ಇಂಥ ಪರಿಣಾಮವನ್ನು ತರಲಾದೀತೇ ಎಂಬುದು ಮುಂದಿನ ಯತ್ನ. ತಲೆಯ ಮೇಲೆ ತಂತಿಯ ಸುರುಳಿಯೊಂದನ್ನು ಇಟ್ಟು ಅದರಲ್ಲಿ ಕ್ಷಣಕಾಲ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ತಲೆಬುರುಡೆಯನ್ನು ದಾಟಿ ಮಿದುಳಿನ ಜೀವಕೋಶಗಳಲ್ಲಿ ಸಣ್ಣ ವಿದ್ಯುತ್ತನ್ನು ಎಬ್ಬಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಟಿಎಂಎಸ್ ಎಂದು ಕರೆಯುವ ಈ ವಿಧಾನ ಈಗ ಖಿನ್ನತೆಯ ಚಿಕಿತ್ಸೆಗೆ ಬಳಕೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಇನ್ನೊಂದು ವಿಧಾನ ಟಿಡಿಸಿಎಸ್: ಹಣೆಯ ಮೇಲೆ ಒದ್ದೆ ಪಟ್ಟಿಗಳನ್ನಿಟ್ಟು ಒಂದೆರಡು ಮಿಲಿಆಂಪಿಯರ್‌ನಷ್ಟು ಮೆಲು ವಿದ್ಯುತ್ತನ್ನು ಸುಮಾರು ಇಪ್ಪತ್ತು ನಿಮಿಷ ಹರಿಸುವುದು. ಚಟದ ವಿಷಯದಲ್ಲಿ ಇದರ ಫಲಿತಾಂಶಗಳು ಒಂದು ಸಲ ಹೌದು, ಒಂದು ಸಲ ಇಲ್ಲ ಎನ್ನುವಂತಿವೆ.

ಟಿಎಂಎಸ್‌ಗೆ ಹೆಚ್ಚು ಗಟ್ಟಿ ಆಧಾರವಿದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2020ರ ಆಗಸ್ಟ್‌ನಲ್ಲಿ ಧೂಮಪಾನ ಬಿಡಿಸಲು ಇದರ ಒಂದು ಬಗೆಗೆ ಅನುಮತಿ ಕೊಟ್ಟಿತು. ಅದಕ್ಕೆ ಆಧಾರವಾದ ಪರೀಕ್ಷೆ 14 ಕೇಂದ್ರಗಳಲ್ಲಿ, 262 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾಯಿತು. ಎಲ್ಲರೂ ಮುಂಚೆ ಬಿಡಲು ಯತ್ನಿಸಿ ಸೋತವರು. ಮೂರು ವಾರ ದಿನಕ್ಕೊಮ್ಮೆಯಂತೆ 15 ಸಲ, ಆಮೇಲೆ ವಾರಕ್ಕೊಮ್ಮೆಯಂತೆ 3 ಸಲ ಚಿಕಿತ್ಸೆ. ಅರ್ಧದಷ್ಟು ಜನರಿಗೆ ನಿಜವಾದ ಯಂತ್ರ, ಉಳಿದವರಿಗೆ ಸದ್ದು ಮಾತ್ರ ಮಾಡುವ ಸೋಗಿನ ಯಂತ್ರ. 18ನೇ ವಾರದವರೆಗಿನ ಲೆಕ್ಕದಲ್ಲಿ ನಿಜ ಚಿಕಿತ್ಸೆ ಪಡೆದವರಲ್ಲಿ ಬಿಟ್ಟವರು ಶೇ. 19.4, ಸೋಗಿನದು ಪಡೆದವರಲ್ಲಿ ಶೇ. 8.7.

ಈ ಅಂಕಿಗಳನ್ನು ಹಿಗ್ಗದೆ, ಕುಗ್ಗದೆ ಓದಬೇಕು. ಯಂತ್ರ ಕೆಲಸ ಮಾಡುತ್ತದೆ, ಎರಡು ಪಟ್ಟಿಗೂ ಮಿಕ್ಕಿ. ಆದರೂ ನೂರರಲ್ಲಿ ಎಂಬತ್ತು ಮಂದಿಗೆ ಅದು ಸಾಲಲಿಲ್ಲ. ಇನ್ನೊಂದು ಕಡೆ, ಏನೂ ಹರಿಯದ ಯಂತ್ರದ ಕೆಳಗೆ ಕುಳಿತು ಬಿಟ್ಟ ಆ ಶೇ. 8.7ರಷ್ಟು ಮಂದಿಯ ಬಗ್ಗೆಯೂ ಯೋಚಿಸಬೇಕು. ಅವರನ್ನು ಬಿಡಿಸಿದ್ದು ಯಾವುದು? ಪ್ರತಿ ಸಲವೂ ಚಿಕಿತ್ಸೆಗೆ ಮೊದಲು ಅವರಿಗೆ ಸಿಗರೇಟಿನ ನೆನಪು ಬರುವಂತೆ ಮಾಡಿ ತವಕ ಎಬ್ಬಿಸುತ್ತಿದ್ದರು, ಜೊತೆಗೆ ಬಿಡುವ ಕುರಿತು ಚುಟುಕಾಗಿ ಮಾತನಾಡುತ್ತಿದ್ದರು. ಯಾರೋ ಒಬ್ಬರು ಹೆಸರು ಹಿಡಿದು ಕೇಳುವುದು, ದಿನವೂ ಹೋಗಿ ಬರುವ ವ್ರತದಂಥ ಕ್ರಮ, ಈ ಸಲ ಆಗಬಹುದು ಎಂಬ ನಂಬಿಕೆ, ಇವೆಲ್ಲ ಅಲ್ಲಿದ್ದವು. ಯಂತ್ರದ ಪರೀಕ್ಷೆಯಲ್ಲೂ ಮಾತನ್ನು ಹೊರಗಿಡಲಾಗಲಿಲ್ಲ.

ಇಲ್ಲಿಂದ ನೈತಿಕ ಪ್ರಶ್ನೆ ಹುಟ್ಟುತ್ತದೆ. ಯಂತ್ರದಿಂದ ತವಕ ಇಳಿದು ಒಬ್ಬ ಬೀಡಿ ಬಿಟ್ಟ ಎನ್ನೋಣ. ಬಿಟ್ಟವನು ಅವನೇ ಹೌದೇ? ನಮ್ಮಲ್ಲಿ ತಪಸ್ಸಿಲ್ಲದ ಸಿದ್ಧಿಗೆ ಮರ್ಯಾದೆ ಕಡಿಮೆ. ಒಂದೇ ದಿನ ಬೆಂಕಿಪೊಟ್ಟಣವನ್ನು ಹೊಳೆಗೆ ಎಸೆದು ಮತ್ತೆ ಮುಟ್ಟದ ಅಜ್ಜನ ಕತೆ ಪ್ರತಿ ಮನೆತನದಲ್ಲೂ ಒಂದಿರುತ್ತದೆ, ಹೆಮ್ಮೆಯಿಂದ ಹೇಳುತ್ತಾರೆ. ಯಂತ್ರದ ಕೆಳಗೆ ಹದಿನೆಂಟು ಸಲ ಕುಳಿತು ಬಿಟ್ಟವನ ಕತೆಯನ್ನು ಅಷ್ಟೇ ಹೆಮ್ಮೆಯಿಂದ ಹೇಳುತ್ತೇವೆಯೇ?

ಹೇಳದಿದ್ದರೆ ಅದು ನಮ್ಮ ಅನ್ಯಾಯ. ಕನ್ನಡಕ ಹಾಕಿ ಓದಿದವನನ್ನು ಓದಿದವನಲ್ಲ ಎನ್ನುವುದಿಲ್ಲ. ನಿಕೋಟಿನ್ ಇರುವ ಗಮ್ ಅಗಿದು ಬಿಟ್ಟವನ ಬಗ್ಗೆಯೂ ಯಾರಿಗೂ ತಕರಾರಿಲ್ಲ. ಅಲ್ಲದೆ ಅಜ್ಜನ ಮತ್ತು ಮೊಮ್ಮಗನ ತವಕ ಒಂದೇ ತೂಕದ್ದು ಎಂದು ಅಳೆದವರು ಯಾರು? ಕೆಲವರಿಗೆ ಹುಟ್ಟಿನಿಂದಲೇ ನಿಕೋಟಿನ್ ಹಿಡಿತ ಬಿಗಿ. ಹಗುರ ಮೂಟೆ ಹೊತ್ತವನನ್ನು ಹೊಗಳಿ, ಭಾರದ ಮೂಟೆಯವನು ಕೈಗಾಡಿ ಕೇಳಿದರೆ ನಗುವುದು ಧರ್ಮವಲ್ಲ.

ಆದರೂ ಆಕ್ಷೇಪದಲ್ಲಿ ಒಂದು ತಿರುಳಿದೆ. ಕನ್ನಡಕ ನನ್ನ ಕಣ್ಣಿಗೆ ಸಹಾಯ ಮಾಡುತ್ತದೆ, ನನ್ನ ಆಸೆಯನ್ನು ಬದಲಿಸುವುದಿಲ್ಲ. ಈ ಯಂತ್ರ ಆಸೆಯನ್ನೇ ಮುಟ್ಟುತ್ತದೆ. ನನ್ನ ಆಸೆಗಳನ್ನು ಹೊರಗಿನಿಂದ ತಿದ್ದಬಹುದಾದರೆ ನಾನು ಎಂಬುದು ಎಲ್ಲಿ ಉಳಿಯಿತು? ಇದಕ್ಕೆ ಅಮೆರಿಕದ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಮಾಡಿದ ಒಂದು ವಿಂಗಡಣೆ ನೆರವಾಗುತ್ತದೆ. ಮನುಷ್ಯನಿಗೆ ಆಸೆಗಳಿರುತ್ತವೆ, ಆ ಆಸೆಗಳ ಬಗ್ಗೆಯೂ ಆಸೆಗಳಿರುತ್ತವೆ. ಬೀಡಿ ಬೇಕು ಎಂಬುದು ಮೊದಲನೆಯದು. ಈ ಬೀಡಿ ಬೇಕೆನ್ನುವುದು ನನಗೆ ಬೇಡವಾಗಿತ್ತು ಎಂಬುದು ಎರಡನೆಯದು. ಬಿಡಲಾಗದೆ ಒದ್ದಾಡುವ ವ್ಯಸನಿಯ ಸಂಕಟ ಈ ಎರಡರ ಜಗಳ. ಅವನು ನಿಂತಿರುವುದು ಎರಡನೆಯದರ ಪಕ್ಷದಲ್ಲಿ, ಗೆಲ್ಲುವುದು ಮಾತ್ರ ಮೊದಲನೆಯದು.

ಹೀಗೆ ನೋಡಿದರೆ ಯಂತ್ರಕ್ಕೆ ಒಂದು ನ್ಯಾಯವಾದ ಕೆಲಸ ಸಿಗುತ್ತದೆ: ಅವನೇ ಆರಿಸಿಕೊಂಡ ಪಕ್ಷಕ್ಕೆ ಸಹಾಯ ಮಾಡುವುದು. ಜೊತೆಗೆ ಒಂದು ಷರತ್ತೂ ಬರುತ್ತದೆ. ಆ ಎರಡನೆಯ ಆಸೆ ಅವನದೇ ಆಗಿರಬೇಕು. ಹೆಂಡತಿಯದಲ್ಲ, ಮಾಲೀಕನದಲ್ಲ, ಸರ್ಕಾರದ್ದಲ್ಲ. ಆರೋಗ್ಯ ಶಿಕ್ಷಣಕ್ಕೆ ನಿಜವಾದ ಜಾಗ ಇರುವುದು ಇಲ್ಲಿ. ಅದನ್ನು ನಾವು ಮಾಹಿತಿ ಹಂಚುವ ಕೆಲಸ ಎಂದುಕೊಂಡಿದ್ದೇವೆ. ಮಾಹಿತಿ ಆಗಲೇ ಹಂಚಿಯಾಗಿದೆ. ಅದರ ಕೆಲಸ ಅವನೊಳಗಿನ ಎರಡನೆಯ ಆಸೆಗೆ ಬಾಯಿ ಕೊಡುವುದು. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆ ಇದ್ದವರ ವಿಷಯದಲ್ಲಿ ಸೂಚಿಸಿ, ಆಮೇಲೆ ತಂಬಾಕಿಗೂ ಹಬ್ಬಿದ ಸಂದರ್ಶನ ಕ್ರಮದ ಸಾರ ಇದೇ: ಬಿಡಬೇಕಾದ ಕಾರಣಗಳನ್ನು ವೈದ್ಯ ಹೇಳಬೇಡ, ಬಂದವನ ಬಾಯಿಂದಲೇ ಬರುವಂತೆ ಕೇಳು. ಮಗಳ ಮದುವೆವರೆಗೆ ಇರಬೇಕು, ಮೆಟ್ಟಿಲು ಹತ್ತಿದರೆ ಏದುಸಿರು, ಮೊಮ್ಮಗು ಮುಖ ತಿರುಗಿಸುತ್ತದೆ, ಹೀಗೆ ಅವನದೇ ಕಾರಣಗಳು. ಅವು ಹೊರಬಿದ್ದ ಮೇಲೆ ಯಂತ್ರ ಯಾರ ಕಡೆಗೆ ಕೆಲಸ ಮಾಡುತ್ತಿದೆ ಎಂಬುದು ಅವನಿಗೂ ಗೊತ್ತು, ವೈದ್ಯರಿಗೂ ಗೊತ್ತು. ಆದ್ದರಿಂದ ಶಿಕ್ಷಣ ಮತ್ತು ಉದ್ದೀಪನ ಎರಡನ್ನೂ ಕೂಡಿಸುವುದು ಬರೀ ಒಂದಕ್ಕೆ ಒಂದು ಸೇರಿಸುವ ಲೆಕ್ಕವಲ್ಲ. ಮೊದಲನೆಯದು ಎರಡನೆಯದಕ್ಕೆ ಅಪ್ಪಣೆ ಕೊಡುತ್ತದೆ.

ಬೇಲೂರಿನ ಚೆನ್ನಕೇಶವ ಗುಡಿಯ ಬಾಗಿಲ ಮೆಟ್ಟಿಲ ಪಕ್ಕ ಹುಲಿಯ ಮೇಲೆ ಬೀಳುವ ಸಳನ ಶಿಲ್ಪವಿದೆ. ಕತೆ ಎಲ್ಲರಿಗೂ ಗೊತ್ತು. ಸೊಸೆವೂರಿನಲ್ಲಿ ಹುಲಿ ಎರಗಿ ಬಂದಾಗ ಜೈನಗುರು ಸುದತ್ತರು ‘ಹೊಯ್ ಸಳ’ ಎಂದರು; ಸಳ ಹೊಡೆದ. ಕತೆಯ ಒಂದು ಪಾಠದಲ್ಲಿ ಅವನ ಕೈಯಲ್ಲಿದ್ದದ್ದು ಗುರು ಕೊಟ್ಟ ಕೋಲು. ಇತಿಹಾಸಕಾರರು ಇದನ್ನು ಐತಿಹ್ಯ ಎನ್ನುತ್ತಾರೆ, ಇರಲಿ. ಹುಲಿಯನ್ನು ಕೊಂದದ್ದು ಯಾವುದು: ಗುರುವಿನ ಮಾತೇ, ಕೋಲೇ, ತೋಳೇ? ಹೀಗೆ ಪಾಲು ಮಾಡಿ ಯಾರೂ ಕೇಳುವುದಿಲ್ಲ. ಮಾತಿಲ್ಲದಿದ್ದರೆ ಸಳ ಕದಲುತ್ತಿರಲಿಲ್ಲವೇನೋ, ಕೋಲಿಲ್ಲದಿದ್ದರೆ ಬದುಕುತ್ತಿರಲಿಲ್ಲವೇನೋ. ಆದರೂ ವಂಶಕ್ಕೆ ಹೆಸರು ಬಂದದ್ದು ಹೊಡೆದವನದು. ಒಂದು ಕಾರಣ ಮಾತ್ರ ಸ್ಪಷ್ಟ: ಗುರು ಅವನ ಕೈ ಹಿಡಿದು ಹೊಡೆಸಲಿಲ್ಲ. ಹೆಸರು ಹಿಡಿದು ಕೂಗಿದರು, ಅವನು ಓಗೊಟ್ಟ.

ಕೈ ಹಿಡಿದು ಹೊಡೆಸುವ ಆಸೆ ನಮ್ಮಲ್ಲಿ ಬೇಕಾದಷ್ಟಿದೆ. ಊರ ಗೋಡೆಗಳ ಮೇಲೆ, ಬಸ್ಸಿನ ಒಳಗೆ ಅಂಟಿಸಿದ ಜಾಹೀರಾತು ನೋಡದವರಿಲ್ಲ: ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು. ಊಟದಲ್ಲೋ ಕಾಫಿಯಲ್ಲೋ ಪುಡಿ ಬೆರೆಸುವುದು. ಅದನ್ನು ಕೊಳ್ಳುವ ಹೆಂಗಸಿನ ಕಷ್ಟವನ್ನು ಹಗುರ ಮಾಡಲಾರೆ. ಅವಳಿಗೆ ಬೇರೆ ದಾರಿ ಕಂಡಿಲ್ಲ. ಆ ಪುಡಿಯಲ್ಲಿ ಏನಿದೆಯೋ ಎಂಬ ಭಯವನ್ನು ಪಕ್ಕಕ್ಕಿಟ್ಟು, ಅದು ನಿಜಕ್ಕೂ ಕೆಲಸ ಮಾಡುತ್ತದೆ ಎಂದೇ ಇಟ್ಟುಕೊಂಡರೂ, ಅಲ್ಲಿ ಬಿಟ್ಟವನು ಯಾರೂ ಇಲ್ಲ. ಕುಡಿತ ನಿಂತಿತು, ಅಷ್ಟೆ. 1963ರಲ್ಲಿ ಸ್ಪೇನಿನ ಹೋಸೆ ಡೆಲ್ಗಾಡೊ ಎಂಬ ವಿಜ್ಞಾನಿ ಗೂಳಿಯ ಮಿದುಳಿನಲ್ಲಿ ತಂತಿ ಇಟ್ಟು, ಅದು ತನ್ನ ಮೇಲೆ ನುಗ್ಗಿ ಬರುವಾಗ ಕೈಯಲ್ಲಿದ್ದ ಗುಂಡಿ ಒತ್ತಿ ನಿಲ್ಲಿಸಿ ತೋರಿಸಿದ. ಗೂಳಿ ನಿಂತಿತು, ಶಾಂತಿಯನ್ನು ಕಲಿಯಲಿಲ್ಲ. ಗುಂಡಿ ಯಾರ ಕೈಯಲ್ಲಿದೆ ಎಂಬುದೇ ಅಲ್ಲಿನ ಪ್ರಶ್ನೆ. ನಾಳೆ ಒಂದು ಕಾರ್ಖಾನೆ, ಕೆಲಸ ಬೇಕಾದರೆ ಮೊದಲು ಯಂತ್ರದ ಕೆಳಗೆ ಕೂರು ಎಂದರೆ, ಅದೇ ಯಂತ್ರ ಅದೇ ವಿದ್ಯುತ್ ಬೇರೆಯೇ ಕೃತ್ಯವಾಗುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಮೆಲ್ಲಗೆ ಬರುವಂಥದ್ದು. ಚಟವನ್ನು ನಾವು ಬಹುಕಾಲ ಗುಣದ ದೋಷ ಎಂದೆವು. ಈಗ ಮಿದುಳಿನ ದೋಷ ಎನ್ನುತ್ತಿದ್ದೇವೆ. ಎರಡನೆಯದರಲ್ಲಿ ದಯೆ ಹೆಚ್ಚು, ನಿಜ. ಆದರೆ ಎರಡೂ ಮಾತುಗಳು ದೋಷವನ್ನು ಸೇದುವವನ ತಲೆಯೊಳಗೇ ಇಡುತ್ತವೆ. ಹಾಸನ ಜಿಲ್ಲೆಯದೇ ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ವರ್ಜೀನಿಯಾ ಸೊಪ್ಪನ್ನು ಹದಮಾಡಿ ತಂದು ಮಾರುವ ರೈತನಿಗೆ ಅದು ವರ್ಷದ ಅನ್ನ. ಬೀಡಿಗೆ ಬೇಕಾದ ತಂಬಾಕು ನಿಪ್ಪಾಣಿ ಕಡೆ ಬೆಳೆಯುತ್ತದೆ, ಬೀಡಿ ಕಟ್ಟುವುದು ದಕ್ಷಿಣ ಕನ್ನಡದ ಹೆಂಗಸರ ಮನೆಗೆಲಸದ ನಡುವಿನ ದುಡಿಮೆ. ಬೀಡಿಯ ಮೇಲಿನ ತೆರಿಗೆ ಸಿಗರೇಟಿನದಕ್ಕಿಂತ ಬಹಳ ಕಡಿಮೆ. ಸರ್ಕಾರದ ಒಂದು ಕೈ ಹರಾಜು ನಡೆಸುತ್ತದೆ, ಇನ್ನೊಂದು ಕೈ ಪ್ಯಾಕಿನ ಮೇಲೆ ಕ್ಯಾನ್ಸರ್ ಚಿತ್ರ ಅಚ್ಚು ಹಾಕಿಸುತ್ತದೆ. ಇಷ್ಟೆಲ್ಲ ಕೈಗಳ ಕೊನೆಯಲ್ಲಿ ನಿಂತವನ ತಲೆಯ ಮೇಲೆ ಮಾತ್ರ ಸುರುಳಿ ಇಟ್ಟು, ಸರಿಹೋಯಿತು ಎನ್ನುವುದು ಅರ್ಧ ಸತ್ಯ.

ಅದೂ ಯಾರ ತಲೆಯ ಮೇಲೆ? ಬೇಲೂರಿನ ಕಾಫಿತೋಟದ ಕೂಲಿಯಾಳಿಗೆ ಬೆಂಗಳೂರು ಇನ್ನೂರು ಕಿಲೋಮೀಟರ್ ದೂರ. ಮೂರು ವಾರ ದಿನವೂ ಚಿಕಿತ್ಸೆ ಎಂದರೆ ಅಷ್ಟೂ ದಿನದ ಕೂಲಿ ಹೋಯಿತು, ಉಳಿಯಲು ಜಾಗ ಬೇಕು. ಅವನಿಗೆ ಇಂದೇ ದಕ್ಕುವಂಥದ್ದು ಬೇರೆ ಇದೆ. 1800-11-2356 ಎಂಬ ಉಚಿತ ದೂರವಾಣಿಗೆ ಕರೆ ಮಾಡಿದರೆ ತಂಬಾಕು ಬಿಡಲು ಸಲಹೆ ಸಿಗುತ್ತದೆ. ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲೊಂದಾದ್ದರಿಂದ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಅಚ್ಚು ಮಾಡಿರುವುದು ಪ್ಯಾಕಿನ ಮೇಲೆ, ಬಿಡಿಯಾಗಿ ಕೊಳ್ಳುವವನು ನೋಡದ ಆ ಪ್ಯಾಕಿನ ಮೇಲೆ. ದೊಡ್ಡ ಯಂತ್ರ ಬರಲಿ, ಜಿಲ್ಲಾ ಆಸ್ಪತ್ರೆಗೂ ಬರಲಿ. ಆದರೆ ಅದು ಬರುವವರೆಗೆ ಕೈಗೆಟುಕುವ ಮಾತನ್ನೂ ಮುಟ್ಟಿಸದೆ ಇರುವುದಕ್ಕೆ ಅದು ನೆಪವಾಗಬಾರದು.

ಕೊನೆಗೆ ‘ಕಡಿಮೆ ಮಾಡುವುದು’ ಎಂಬ ಮಾತು. ಪೂರ್ತಿ ಬಿಡಲಾಗದಿದ್ದರೆ ಕಡಿಮೆಯಾದರೂ ಮಾಡು ಎನ್ನುವುದು ಒಳ್ಳೆಯ ಸಲಹೆಯೇ? ದೇಹದ ಲೆಕ್ಕ ಕಟುವಾಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಹೆಚ್ಚುವರಿ ಅಪಾಯ 20 ಸೇದುವವನ ಇಪ್ಪತ್ತನೇ ಒಂದು ಪಾಲಲ್ಲ, ಸುಮಾರು ಅರ್ಧ. ಕಡಿಮೆ ಸೇದುವವನು ಇನ್ನಷ್ಟು ಆಳವಾಗಿ ದಮ್ಮೆಳೆಯುವುದೂ ಉಂಟು. ಇದನ್ನು ಮುಚ್ಚಿಟ್ಟು ಕಡಿಮೆ ಮಾಡಿದರೆ ಸಾಕು ಎನ್ನುವ ಶಿಕ್ಷಣ ಮೋಸ.

ಆದರೆ ಮನಸ್ಸಿನ ಲೆಕ್ಕ ದೇಹದ ಲೆಕ್ಕವಲ್ಲ. ಇಪ್ಪತ್ತರಿಂದ ಎಂಟಕ್ಕೆ ಇಳಿದವನು ತನ್ನ ಕೈ ತನ್ನ ಮಾತು ಕೇಳಿತು ಎಂಬುದನ್ನು ಮೊದಲ ಸಲ ಕಂಡಿರುತ್ತಾನೆ. ಹತ್ತಾರು ಸಲ ಸೋತವನಿಗೆ ಆ ಅನುಭವ ಚಿಕ್ಕದಲ್ಲ. ಮುಂದಿನ ಯತ್ನಕ್ಕೆ ಬೇಕಾದ ಧೈರ್ಯ ಅಲ್ಲಿಂದಲೇ ಬರುತ್ತದೆ. ಹೇಳಬೇಕಾದದ್ದು ಎರಡನ್ನೂ: ಎಂಟು ಕ್ಷೇಮವಲ್ಲ, ಆದರೂ ಎಂಟಕ್ಕೆ ಬಂದವನು ನೀನೇ. ಮೊದಲ ಮಾತಿಲ್ಲದೆ ಎರಡನೆಯದು ಮುಖಸ್ತುತಿ, ಎರಡನೆಯದಿಲ್ಲದೆ ಮೊದಲನೆಯದು ಬರೀ ಬೈಗುಳ.

ಚಟ ಇರುವವನನ್ನು ನಾವು ಸಾಮಾನ್ಯವಾಗಿ ಕೇಳುವುದು ‘ಇನ್ನೂ ಬಿಟ್ಟಿಲ್ವಾ?’ ಎಂದು. ಅದರಲ್ಲಿ ಉತ್ತರ ಮೊದಲೇ ಅಡಗಿದೆ, ಅವನು ತಲೆ ತಗ್ಗಿಸುತ್ತಾನೆ, ಗುಡಿಯ ಹಿಂದೆ ಹೋಗಿ ಇನ್ನೊಂದು ಹಚ್ಚುತ್ತಾನೆ. ‘ಬಿಡೋಕೆ ಏನು ಬೇಕು?’ ಎಂದು ಕೇಳಿದರೆ ಅವನು ಯೋಚಿಸಬೇಕಾಗುತ್ತದೆ. ಮಾತು ಬೇಕೋ, ಗಮ್ ಬೇಕೋ, ಯಂತ್ರ ಬೇಕೋ, ಸಂಜೆ ಹೊತ್ತು ಜೊತೆಗೆ ನಡೆದು ಬರುವ ಒಬ್ಬರು ಬೇಕೋ, ಅವನು ಹೇಳಲಿ. ಕೇಳುವ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ.